ಫೈಲಿನ ಹೆಸರು, ಕ್ರಮಸಂಖ್ಯೆ: ನಂಬಿದ್ದೇನು, ಇರುವುದೇನು

ರಾಮನಗರದ ಸ್ಟುಡಿಯೊದಲ್ಲಿ ಮದುವೆ ಫೋಟೊ, ಚನ್ನಪಟ್ಟಣದ ಆಟಿಕೆ ಅಂಗಡಿಯಲ್ಲಿ ಬುಗುರಿ, ಗಿಲಕಿಗಳ ಕ್ಯಾಟಲಾಗು, ಮಾಗಡಿ, ಕನಕಪುರಗಳ ಡಿಟಿಪಿ ಅಂಗಡಿಗಳಲ್ಲಿ ಸ್ಕ್ಯಾನ್ ಆದ ಪಹಣಿ, ಕ್ರಯಪತ್ರ. ಕೆಲಸ ಬೇರೆ ಬೇರೆ, ತಲೆನೋವು ಒಂದೇ: ನೂರಾರು ಫೈಲುಗಳಿಗೆ ಸಾಲಾಗಿ ನಂಬರು ಹಾಕಿ ಹೆಸರು ಬದಲಿಸಬೇಕು. ಈ ಕೆಲಸದ ಸುತ್ತ ಹಬ್ಬಿರುವ ಮಾತುಗಳಲ್ಲಿ ಅರ್ಧವನ್ನು ನಾವೂ ನಂಬಿದವರೇ.

ತಪ್ಪು ಕಲ್ಪನೆ: ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕು, ಇಲ್ಲವೇ ಒಂದೊಂದೇ ಫೈಲಿನ ಮೇಲೆ ಕ್ಲಿಕ್ಕಿಸುತ್ತ ಕೂರಬೇಕು.

ವಾಸ್ತವ: ಎರಡೂ ಬೇಡ. ಹೆಸರುಗಳ ಪಟ್ಟಿ ಬರೀ ಪಠ್ಯ. ಪಠ್ಯ ತಿದ್ದುವ ಎಡಿಟರ್ ಸಾಕು. ವಿಂಡೋಸಿನಲ್ಲಿ ಆ ಫೋಲ್ಡರಿನೊಳಗೆ ಕಮಾಂಡ್ ಪ್ರಾಂಪ್ಟ್ ತೆರೆದು ಡಿಐಆರ್ ಎಂದು ಬರೆದು, ಓರೆಗೆರೆ ಹಾಕಿ ಬಿ ಸೇರಿಸಿದರೆ ಹೆಸರುಗಳಷ್ಟೇ ಸಾಲಾಗಿ ಬರುತ್ತವೆ. ಅದರ ಮುಂದೆ > ಚಿಹ್ನೆ ಹಾಕಿ ಒಂದು ಫೈಲಿನ ಹೆಸರು ಕೊಟ್ಟರೆ ಪಟ್ಟಿ ಆ ಫೈಲಿಗೆ ಇಳಿಯುತ್ತದೆ. ಪಟ್ಟಿಯಲ್ಲಿ ಪಟ್ಟಿಯ ಹೆಸರೂ ನುಸುಳಿರುತ್ತದೆ. ಆ ಸಾಲನ್ನು ಅಳಿಸಬೇಕು. ಮುಂದಿನ ಕೆಲಸ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಉಚಿತ ಎಡಿಟರಿನದು. ಅದರ ಕಾಲಂ ಎಡಿಟರ್ ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ: ಎಷ್ಟರಿಂದ ಶುರು, ಎಷ್ಟೆಷ್ಟು ಏರಬೇಕು, ಮುಂದೆ ಸೊನ್ನೆ ಬೇಕೇ. ಉತ್ತರಿಸಿದರೆ ಎಲ್ಲ ಸಾಲುಗಳಿಗೂ ನಂಬರು ಒಮ್ಮೆಗೇ ಬೀಳುತ್ತದೆ. ಕೊನೆಗೆ ಪ್ರತಿ ಸಾಲಿನಲ್ಲಿ ಆರ್‌ಇಎನ್ ಎಂಬ ಆದೇಶ, ಉದ್ಧರಣ ಚಿಹ್ನೆಯೊಳಗೆ ಹಳೆಯ ಹೆಸರು, ಮತ್ತೆ ಉದ್ಧರಣ ಚಿಹ್ನೆಯೊಳಗೆ ಹೊಸ ಹೆಸರು ಇರಬೇಕು. ಅದನ್ನು ಬ್ಯಾಟ್ ಫೈಲಾಗಿ ಉಳಿಸಿ ಓಡಿಸಿದರೆ ಮುಗಿಯಿತು. ಓಡಿಸುವ ಮೊದಲೇ ಯಾವುದು ಏನಾಗುತ್ತದೆಂದು ಸಾಲುಸಾಲಾಗಿ ಕಣ್ಣಿಗೆ ಕಾಣುವುದು ಈ ದಾರಿಯ ದೊಡ್ಡ ಲಾಭ. ದುಡ್ಡು ಉಳಿಯುವುದು ಆಮೇಲಿನ ಮಾತು.

ತಪ್ಪು ಕಲ್ಪನೆ: ಎಕ್ಸೆಲ್ ಇದ್ದರೆ ಎಡಿಟರ್ ಏಕೆ?

ವಾಸ್ತವ: ಎಕ್ಸೆಲ್‌ನಲ್ಲೂ ಆಗುತ್ತದೆ. ಆದರೆ ಅಲ್ಲಿ 001 ಎಂದು ಹೊಡೆದರೆ ಅದು ಸಂಖ್ಯೆಯೆಂದು ತಿಳಿದು 1 ಮಾಡಿಬಿಡುತ್ತದೆ. ಬರೆದದ್ದನ್ನು ಬರೆದಂತೆಯೇ ಬಿಡುವುದು ಎಡಿಟರಿನ ಗುಣ.

ತಪ್ಪು ಕಲ್ಪನೆ: ಆ ಮುಂದಿನ ಸೊನ್ನೆಗಳು ಬರೀ ಶೋಕಿ. ಎಲ್ಲ ಆರಿಸಿ ಎಫ್2 ಒತ್ತಿದರೆ ವಿಂಡೋಸೇ 1, 2, 3 ಎಂದು ಕೊಟ್ಟು ಸರಿಯಾಗಿ ಜೋಡಿಸುತ್ತದೆ.

ವಾಸ್ತವ: ಜೋಡಿಸುತ್ತದೆ, ತನ್ನ ಕಿಟಕಿಯಲ್ಲಿ ಮಾತ್ರ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಎಕ್ಸ್‌ಪ್ಲೋರರ್ ಅಂಕಿಗಳನ್ನು ಸಂಖ್ಯೆಯಾಗಿ ಓದುತ್ತದೆ. ಬೇರೆ ಎಷ್ಟೋ ತಂತ್ರಾಂಶಗಳು ಅವನ್ನು ಅಕ್ಷರಗಳಂತೆ ಹೋಲಿಸುತ್ತವೆ. ಅಲ್ಲಿ 1 ಆದಮೇಲೆ 10, 11, ಆಮೇಲೆ 2. ನಮ್ಮ ಪರದೆಯಲ್ಲಿ ನೆಟ್ಟಗಿದ್ದ ಆಲ್ಬಂ ಪ್ರೆಸ್ಸಿಗೆ ಹೋದಾಗ ಧಾರೆಗಿಂತ ಮೊದಲೇ ಬೀಗರೂಟ ಬಂದು ಕೂರುವುದು ಹೀಗೆ. 001, 002 ಎಂದಿದ್ದರೆ ಎರಡೂ ಲೆಕ್ಕದಲ್ಲಿ ಒಂದೇ ಕ್ರಮ. ಸಾವಿರ ದಾಟುವ ಮದುವೆಗೆ ನಾಲ್ಕು ಅಂಕಿ ಇರಲಿ.

ತಪ್ಪು ಕಲ್ಪನೆ: ಕ್ಯಾಮೆರಾ ಕೊಟ್ಟ ನಂಬರೇ ನಡೆದದ್ದರ ಕ್ರಮ.

ವಾಸ್ತವ: ಒಂದೇ ಕ್ಯಾಮೆರಾ ಇದ್ದರೆ ಬಹುತೇಕ ನಿಜ. ಆದರೆ ಕ್ಯಾಮೆರಾದ ಹೆಸರಿನಲ್ಲಿ ಅಂಕಿಗೆ ಇರುವುದು ನಾಲ್ಕೇ ಸ್ಥಾನ. 9999 ಆದಮೇಲೆ ಮತ್ತೆ 0001. ಮುಹೂರ್ತದ ಹೊತ್ತಿಗೇ ಅದು ತಿರುಗಿದರೆ ತಾಳಿ ಕಟ್ಟಿದ ಚಿತ್ರ ಪಟ್ಟಿಯ ತಲೆಗೆ ಹೋಗುತ್ತದೆ. ಇಬ್ಬರು ಫೋಟೊ ತೆಗೆದಿದ್ದರೆ ಒಂದೇ ಹೆಸರಿನ ಎರಡೆರಡು ಚಿತ್ರ ಬರಬಹುದು. ಮೊದಲು ಒಬ್ಬೊಬ್ಬರ ಫೈಲುಗಳಿಗೂ ಬೇರೆ ಮುನ್ನಕ್ಷರ ಕೊಟ್ಟು, ಆಮೇಲೆ ಒಂದೇ ಫೋಲ್ಡರಿಗೆ ತಂದು, ಡಿಐಆರ್ ಆದೇಶಕ್ಕೆ ಇನ್ನೊಂದು ಓರೆಗೆರೆ, ಓ-ಡಿ ಅಕ್ಷರಗಳನ್ನು ಸೇರಿಸಿದರೆ ಪಟ್ಟಿ ಸಮಯದ ಕ್ರಮದಲ್ಲಿ ಬರುತ್ತದೆ. ಎರಡು ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿರಬೇಕು, ಅಷ್ಟೆ.

ತಪ್ಪು ಕಲ್ಪನೆ: ಬ್ಯಾಟ್ ಫೈಲು ಎಂದರೆ ವೈರಸ್.

ವಾಸ್ತವ: ಈ ಭಯವನ್ನು ನಗೆಯಾಡಿ ತಳ್ಳುವಂತಿಲ್ಲ; ಹಾಳು ಮಾಡುವ ಆದೇಶವನ್ನೂ ಅದರಲ್ಲಿ ಬರೆಯಬಹುದು. ಆದರೆ ಅದು ಓದಬಲ್ಲ ಪಠ್ಯ. ಎಡಿಟರಿನಲ್ಲಿ ತೆರೆದು ನೋಡಿ: ಕನ್ನಡ ಹೆಸರಿಗಾಗಿ ಮುಂದೆ ಹೇಳುವ ಮೊದಲ ಸಾಲು ಬಿಟ್ಟು ಉಳಿದ ಪ್ರತಿ ಸಾಲೂ ಆರ್‌ಇಎನ್‌ನಿಂದಲೇ ಶುರುವಾಗಿ, ಎರಡು ಹೆಸರುಗಳ ಹೊರತು ಬೇರೇನೂ ಇಲ್ಲದಿದ್ದರೆ ಅದು ಹೆಸರು ಬದಲಿಸುತ್ತದೆ, ಇನ್ನೇನೂ ಮಾಡುವುದಿಲ್ಲ. ಫೈಲು ಅಳಿಸುವ ಡಿಇಎಲ್ ಆದೇಶ ಕಂಡರೆ ಮುಟ್ಟಬೇಡಿ. ಬೇರೆಯವರು ಕಳಿಸಿದ್ದನ್ನು ತೆರೆದು ಓದದೆ ಡಬಲ್ ಕ್ಲಿಕ್ ಮಾಡುವುದು ಮಾತ್ರ ಖಂಡಿತ ಬೇಡ.

ತಪ್ಪು ಕಲ್ಪನೆ: ಹೆಸರು ಡಿಕ್ಕಿ ಹೊಡೆದರೆ ಒಂದು ಫೈಲು ಇನ್ನೊಂದನ್ನು ನುಂಗುತ್ತದೆ.

ವಾಸ್ತವ: ಎಲ್ಲಿ ಕೆಲಸ ಮಾಡುತ್ತಿದ್ದೀರಿ ಎನ್ನುವುದರ ಮೇಲಿದೆ. ವಿಂಡೋಸಿನ ಆರ್‌ಇಎನ್ ನುಂಗುವುದಿಲ್ಲ. ಆ ಹೆಸರು ಈಗಾಗಲೇ ಇದೆ ಎಂದು ಗೊಣಗಿ ಮುಂದಿನ ಸಾಲಿಗೆ ಹೋಗುತ್ತದೆ. ಲಿನಕ್ಸಿನ ಎಂವಿ ಕೇಳದೆಯೇ ನುಂಗಿಬಿಡಬಲ್ಲದು. 7ರ ಜಾಗಕ್ಕೆ ಹೊಸ ಚಿತ್ರ ತೂರಿಸಬೇಕಾದಾಗ 7ನ್ನು 8 ಮಾಡಲು ಹೊರಟರೆ 8 ಅಲ್ಲೇ ಕೂತಿರುತ್ತದೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ, ಕೊನೆಯದನ್ನು ಮೊದಲು ಸರಿಸಬೇಕು. ಆಟಿಕೆ ಕ್ಯಾಟಲಾಗಿನಂತೆ ಬೆಳೆಯುತ್ತಲೇ ಇರುವ ಪಟ್ಟಿಗೆ ಶುರುವಿನಲ್ಲೇ 0010, 0020 ಎಂದು ಹತ್ತು ಹತ್ತು ಬಿಟ್ಟು ನಂಬರು ಕೊಟ್ಟರೆ ನಡುವೆ ಜಾಗ ಇರುತ್ತದೆ. ಇನ್ನೊಂದು ಮಾತು: ಬ್ಯಾಟ್ ಫೈಲು ಮಾಡಿದ್ದಕ್ಕೆ ಕಂಟ್ರೋಲ್-ಝಡ್ ಇಲ್ಲ. ಹಳೆ ಹೆಸರು, ಹೊಸ ಹೆಸರನ್ನು ಅದಲುಬದಲು ಮಾಡಿ, ಹೆಸರು ಬದಲಿಸುವ ಸಾಲುಗಳನ್ನೂ ಕೆಳಗಿನಿಂದ ಮೇಲಕ್ಕೆ ತಿರುಗಿಸಿದ ಎರಡನೇ ಬ್ಯಾಟ್ ಫೈಲನ್ನು ಮೊದಲೇ ಮಾಡಿಟ್ಟರೆ ಹಿಂದಕ್ಕೆ ಬರುವ ದಾರಿ ತೆರೆದಿರುತ್ತದೆ.

ತಪ್ಪು ಕಲ್ಪನೆ: ಫೈಲಿನ ಹೆಸರು ಕನ್ನಡದಲ್ಲಿದ್ದರೆ ಫೈಲು ಕೆಡುತ್ತದೆ.

ವಾಸ್ತವ: ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದಿಂದ ಬಂದ ಅನುಮಾನವಿದು. ಯುನಿಕೋಡ್ ಅಲ್ಲದ ಆ ಅಕ್ಷರಗಳು ಫಾಂಟಿನ ವೇಷವಷ್ಟೇ. ಫೈಲಿನ ಹೆಸರಿಗೆ ಫಾಂಟು ಹಚ್ಚಲು ಬಾರದ್ದರಿಂದ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತಿತ್ತು. ಯುನಿಕೋಡ್ ಕನ್ನಡಕ್ಕೆ ಈ ತೊಂದರೆಯಿಲ್ಲ. ಪ್ರಾಂಪ್ಟಿನಲ್ಲಿ ಪಟ್ಟಿ ತೆಗೆಯುವ ಮೊದಲು, ಬ್ಯಾಟ್ ಫೈಲಿನ ಮೊದಲ ಸಾಲಿನಲ್ಲಿಯೂ, ಸಿಎಚ್‌ಸಿಪಿ 65001 ಎಂದು ಕೊಡಬೇಕು, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಉಳಿಸುವಾಗ ಬಿಒಎಂ ಇಲ್ಲದ ಯುಟಿಎಫ್-8 ಆರಿಸಬೇಕು. ನಂಬರಿಗೆ ಒಮ್ಮೆ ೧, ಒಮ್ಮೆ 1 ಎಂದು ಬೆರೆಸಬೇಡಿ. ಸಂಕೇತದ ಲೆಕ್ಕದಲ್ಲಿ ಕನ್ನಡ ಅಂಕಿಗಳು ಇಂಗ್ಲಿಷ್ ಅಂಕಿ, ಅಕ್ಷರಗಳೆಲ್ಲ ಮುಗಿದ ಮೇಲೆ ಬರುತ್ತವೆ. ತಾರೀಖಿನ ಓರೆಗೆರೆಯನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದೇ ಇಲ್ಲ, ಅಡ್ಡಗೆರೆ ಹಾಕಿ.

ತಪ್ಪು ಕಲ್ಪನೆ: ಎಂಟು ಶನಿಯ ಸಂಖ್ಯೆ, ಮದುವೆ ಫೋಟೊಗೆ ಆ ನಂಬರು ಬೇಡ.

ವಾಸ್ತವ: ಮುಯ್ಯಿಗೆ ನೂರಕ್ಕೆ ಒಂದು ಸೇರಿಸಿ 101 ಕೊಡುವ ನಾಡು ನಮ್ಮದು, ಸಂಖ್ಯೆಗೆ ಶುಭಾಶುಭ ನೋಡುವವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ 8 ಬಿಟ್ಟರೂ ಅದು ಎಂಟನೆಯ ಚಿತ್ರವೇ. ತಿಂಗಳು ಕಳೆದು ಪಟ್ಟಿ ನೋಡಿದವರು ಒಂದು ಫೋಟೊ ಅಳಿಸಿಹೋಗಿದೆ ಎಂದು ಸ್ಟುಡಿಯೊಗೆ ಫೋನು ಮಾಡುತ್ತಾರೆ. ಬಿಡಲೇಬೇಕೆಂದರೆ ಬಿಟ್ಟದ್ದನ್ನು ಪಟ್ಟಿಯಲ್ಲಿ ಬರೆದಿಡಿ.

ತಪ್ಪು ಕಲ್ಪನೆ: ಹೆಸರು ಬದಲಿಸಿದಷ್ಟೂ ಚಿತ್ರದ ಕ್ವಾಲಿಟಿ ಇಳಿಯುತ್ತದೆ, ತೆಗೆದ ದಿನಾಂಕ ಅಳಿಸಿಹೋಗುತ್ತದೆ.

ವಾಸ್ತವ: ಎರಡೂ ಇಲ್ಲ. ಕ್ಯಾಮೆರಾ ಬರೆದ ದಿನಾಂಕ ಚಿತ್ರದ ಒಳಗಿದೆ, ಹೆಸರು ಹೊರಗಿದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸನ ಹೆಸರಲ್ಲಿ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು; ರಾಮದೇವರ ಬೆಟ್ಟದ ಬಂಡೆ ಒಂದು ಚೂರೂ ಸವೆಯಲಿಲ್ಲ. ಭೂವಿಜ್ಞಾನಿಗಳು ಮಾತ್ರ ಈಗಲೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ನಿಜವಾದ ತೊಂದರೆಯೂ ಇಲ್ಲೇ ಇದೆ: ಪೇಜ್‌ಮೇಕರ್, ಇನ್‌ಡಿಸೈನ್ ಪುಟಗಳಿಗೆ ಲಿಂಕ್ ಮಾಡಿದ ಚಿತ್ರದ ಹೆಸರು ಬದಲಿಸಿದರೆ ಅವು ಹಳೆಯ ಹೆಸರನ್ನೇ ಹುಡುಕಿ, ಸಿಗದೆ ನಿಲ್ಲುತ್ತವೆ. ನಂಬರು ಹಾಕುವುದು ಪುಟ ಕಟ್ಟುವ ಮೊದಲೇ ಆಗಬೇಕು.

ತಪ್ಪು ಕಲ್ಪನೆ: ನಂಬರು ಹಾಕಿದ ಮೇಲೆ ಎಲ್ಲಿ ಹಾಕಿದರೂ ಅದೇ ಕ್ರಮ.

ವಾಸ್ತವ: ಗಣೇಶನ ಪೆಂಡಾಲಿನ ಮೈಕ್‌ಸೆಟ್ಟಿನವರನ್ನು ಕೇಳಿ. ಅಗ್ಗದ ಪ್ಲೇಯರುಗಳಲ್ಲಿ ಅನೇಕವು ಹೆಸರನ್ನು ನೋಡುವುದೇ ಇಲ್ಲ. ಪೆನ್‌ಡ್ರೈವಿನಲ್ಲಿ ಯಾವುದು ಮೊದಲು ದಾಖಲಾಯಿತೋ ಅದನ್ನು ಮೊದಲು ಹಾಡಿಸುತ್ತವೆ. ಹೆಸರು ಬದಲಿಸುವುದು ಕಂಪ್ಯೂಟರಿನಲ್ಲೇ ಆಗಲಿ, ಆಮೇಲೆ ಖಾಲಿ ಮಾಡಿದ ಪೆನ್‌ಡ್ರೈವಿಗೆ 001ರಿಂದ ಸಾಲಾಗಿ ನಕಲು ಮಾಡಿ. ನಡುವೆ ಒಂದು ಹಾಡು ಸೇರಿಸಬೇಕಾದರೆ ಎಲ್ಲವನ್ನೂ ಅಳಿಸಿ ಮತ್ತೆ ಹಾಕಬೇಕು.