1930ರ ಆಚೆಯ ಕಾಗದ

ಸ್ಕ್ಯಾನ್ ಆದ ಕೋಟಿಗಟ್ಟಲೆ ಪುಟಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಬೇಕಾದ ಆ ಒಂದು ಪುಟ ಎಲ್ಲಿದೆ?

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಅರಣ್ಯ ಅತಿಕ್ರಮಣದ ಮಾತು ಬಂದಾಗಲೆಲ್ಲ ಒಂದು ತಾರೀಕು ಬರುತ್ತದೆ: 13 ಡಿಸೆಂಬರ್ 2005. ಅರಣ್ಯ ಹಕ್ಕು ಕಾಯ್ದೆ ಪ್ರಕಾರ, ಬುಡಕಟ್ಟಿಗೆ ಸೇರದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದೆವೆಂದು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿತ್ತು. ಹಿರಿಯರ ಹೇಳಿಕೆಯೂ ಸಾಕ್ಷ್ಯವೇ ಎನ್ನುತ್ತದೆ ನಿಯಮ. ಆದರೂ ಕೈಯಲ್ಲಿ ಕಾಗದ ಇದ್ದವರ ಗತ್ತೇ ಬೇರೆ.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು. ಒಳ್ಳೆಯ ಕೆಲಸ. ಗೆದ್ದಲು, ಮಳೆಗಾಲದ ಬೂಷ್ಟು ಎರಡರಿಂದಲೂ ಕಾಗದ ಪಾರಾಯಿತು. ಹುಡುಕಾಟದ ತೊಂದರೆ ಇನ್ನು ಮುಂದೆ.

ಪ್ರತಿ ಫೈಲಿನ ಜೊತೆ ಅದರ ಜಾತಕವೂ ಇರುತ್ತದೆ: ಹೆಸರು, ಗಾತ್ರ, ತಾರೀಕು, ಒಡೆತನ. ಇದೇ ಮೆಟಾಡೇಟಾ. ಆದರೆ ಕಂಪ್ಯೂಟರ್ ತಾನಾಗಿ ಬರೆದುಕೊಳ್ಳುವ ತಾರೀಕು ಸ್ಕ್ಯಾನ್ ಆದ ದಿನದ್ದು. 1929ರ ಖಾತೆ ಬದಲಾವಣೆಯ ಪುಟವೂ ಅದರ ಪಾಲಿಗೆ 2024ರ ಕೂಸು. ಒಳಗಿನ ಇಸವಿಯನ್ನು ಯಾರೋ ಓದಿ, ಬೇರೆ ಕಾಲಮ್ಮಿನಲ್ಲಿ ಟೈಪ್ ಮಾಡದಿದ್ದರೆ '1930ಕ್ಕೆ ಮೊದಲು' ಎಂದು ಹುಡುಕಿದವರಿಗೆ ಸೊನ್ನೆ. ಸ್ಕ್ಯಾನರ್‌ಗಿಂತ ಆ ಟೈಪ್ ಮಾಡುವವರ ಮೇಲೆ ಹೆಚ್ಚು ಖರ್ಚಾಗಬೇಕು ಎಂಬುದು ನನ್ನ ಹಟ.

ಹೆಸರಿನಿಂದ ಹುಡುಕೋಣವೆಂದರೆ ಗಣಪತಿ, ಸುಬ್ರಾಯ, ಮಂಜುನಾಥ ಇಲ್ಲಿ ಊರೂರಿಗೆ ಹತ್ತಾರು. ಹೆಗಡೆ ಒಂದು ಕಡೆ ಹೆಗ್ಡೆ. ನಾಯ್ಕ ಇನ್ನೊಂದು ಕಡೆ ನಾಯಕ. 2001ರಲ್ಲಿ ಬಂದ ಭೂದಾಖಲೆ ತಂತ್ರಾಂಶ 'ಭೂಮಿ' ಈ ಗೋಜಲನ್ನು ಜಾಣತನದಿಂದ ದಾಟಿತು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. ಸರ್ನೋಕ್ ಎಂಬ ಚೌಕದಲ್ಲಿ ಬಹುಪಾಲು ಬರೀ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಅದೇನೆಂದು ಕೇಳದೆ ಅದನ್ನೇ ಒತ್ತಿ ಮುಂದೆ ಹೋಗುವುದು ಎಲ್ಲರಿಗೂ ರೂಢಿ.

ಫೈಲು ಕೋಟಿಗಳಲ್ಲಿದ್ದಾಗ ಒಂದೊಂದೇ ಫೋಲ್ಡರ್ ತೆರೆಯುತ್ತ ಹೋದರೆ ದಿನಗಳೇ ಬೇಕು. ಅದಕ್ಕೇ ಮೆಟಾಡೇಟಾವನ್ನಷ್ಟೇ ಬೇರೆ ಕೋಷ್ಟಕಕ್ಕೆ ಎತ್ತಿಟ್ಟು, ಅಲ್ಲಿ ಹುಡುಕುತ್ತಾರೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ 'ಗುಫಿ' ಎಂಬ ತಂತ್ರಾಂಶ ಪ್ರತಿ ಫೋಲ್ಡರಿಗೂ ಒಂದು ಪುಟ್ಟ ಡೇಟಾಬೇಸ್ ಇಡುತ್ತದೆ. ನೂರಾರು ಡೇಟಾಬೇಸ್‌ಗಳಲ್ಲಿ ಏಕಕಾಲಕ್ಕೆ ಹುಡುಕಾಟ ನಡೆಯುತ್ತದೆ. ಫೋಲ್ಡರ್ ನೋಡುವ ಅನುಮತಿ ಇಲ್ಲದವರಿಗೆ ಅದರ ಮೆಟಾಡೇಟಾವೂ ಕಾಣದು.

ಆದರೆ ಫೋಡಿಯಾದ, ಅಂದರೆ ಒಡೆದು ಬೇರೆ ನಂಬರು ಪಡೆದ ಜಮೀನಿಗೆ ಗುಫಿಯೂ ದಾರಿ ತೋರಿಸದು. ಇಂದಿನ 42/3 ಅಂದು ಹುಟ್ಟಿರಲೇ ಇಲ್ಲ, ಹಳೆಯ ಪುಟದಲ್ಲಿ ಬರೀ 42. ಅಡಿಕೆ ತೋಟ ಒಂದು ನಂಬರಿನಲ್ಲಿ, ಅದಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಇನ್ನೊಂದರಲ್ಲಿ. ಯಾವುದರಿಂದ ಯಾವುದು ಒಡೆಯಿತು, ಯಾವ ತೋಟಕ್ಕೆ ಯಾವ ಬೆಟ್ಟ ಎಂಬ ಎರಡು ಕಾಲಮ್ಮುಗಳನ್ನು ಸ್ಕ್ಯಾನಿಂಗ್ ಮುಗಿಯುವ ಮೊದಲೇ ಸೇರಿಸಬೇಕು.