ಜೆವಿಯೋ ವಾರ್ಸಿಟಿಯೋ: ಬ್ಯಾಟ್ ಎಲ್ಲಿ ಕೈಗೆ ಸಿಗುತ್ತದೆ?

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹೆಣ್ಣುಮಕ್ಕಳ ಹೈಸ್ಕೂಲ್ ಸಾಫ್ಟ್‌ಬಾಲ್ ವಸಂತ ಕಾಲದ ಆಟ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಟ್ರೈಔಟ್ ನಡೆದು ತಂಡಗಳ ಪಟ್ಟಿ ಹೊರಬೀಳುತ್ತದೆ. ಶಾಲೆಯ ಮುಖ್ಯ ತಂಡ ವಾರ್ಸಿಟಿ. ಅದರ ಕೆಳಗಿನದು ಜೂನಿಯರ್ ವಾರ್ಸಿಟಿ, ಎಲ್ಲರ ಬಾಯಲ್ಲೂ ಜೆವಿ. ರಾಜ್ಯ ಮಟ್ಟದ ಪ್ಲೇಆಫ್‌ಗೆ ಲೆಕ್ಕಕ್ಕೆ ಬರುವುದು ವಾರ್ಸಿಟಿಯ ಸೋಲು-ಗೆಲುವು ಮಾತ್ರ. ಜಾಕೆಟ್ಟಿನ ಎದೆಗೆ ಹೊಲಿಸಿಕೊಳ್ಳುವ ಶಾಲೆಯ ಅಕ್ಷರ, ಅಂದರೆ ವಾರ್ಸಿಟಿ ಲೆಟರ್, ಸಿಗುವುದೂ ಸಾಮಾನ್ಯವಾಗಿ ಅಲ್ಲಿ ಆಡಿದವರಿಗೇ. ಫ್ರೀಮಾಂಟ್‌ನಲ್ಲೋ ಎಡಿಸನ್‌ನಲ್ಲೋ ಇರುವ ಕನ್ನಡ ಮನೆಯಿಂದ ‘ಮಗಳು ಒಂಬತ್ತನೇ ಕ್ಲಾಸಿಗೇ ವಾರ್ಸಿಟಿಗೆ ಸೆಲೆಕ್ಟ್ ಆದಳು’ ಎಂದು ಫೋನ್ ಬಂದರೆ ಆ ಹಿಗ್ಗಿಗೆ ಕಾರಣ ಇದು.

ಯಾರು ಯಾವ ತಂಡಕ್ಕೆ ಎನ್ನುವುದು ಕೋಚ್ ತೀರ್ಮಾನ. ಹೆಚ್ಚಿನವರಿಗೆ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ಆದರೆ ಎರಡು ತಂಡಗಳ ಗಡಿಯಲ್ಲಿರುವ ಹುಡುಗಿಯನ್ನು ಕೆಲವು ಕೋಚ್‌ಗಳು ಕರೆದು ಕೇಳುತ್ತಾರೆ: ವಾರ್ಸಿಟಿಯಲ್ಲಿ ಇರುತ್ತೀಯಾ, ಅಲ್ಲಿ ಆಡಲು ಸಿಗುವುದು ಕಡಿಮೆ, ಅಥವಾ ಜೆವಿಯಲ್ಲಿ ಪ್ರತಿ ಪಂದ್ಯ ಆಡುತ್ತೀಯಾ? ಒಂಬತ್ತು, ಹತ್ತನೇ ತರಗತಿಯ ಹುಡುಗಿಯಾದರೆ ನನ್ನ ಒಲವು ಸ್ಪಷ್ಟವಾಗಿ ಎರಡನೆಯದರ ಕಡೆ.

ಲೆಕ್ಕ ಹಾಕಿ ನೋಡಿ. ಹೈಸ್ಕೂಲ್ ಪಂದ್ಯಕ್ಕೆ 7 ಇನ್ನಿಂಗ್ಸ್. ಪೂರ್ತಿ ಆಡುವವಳಿಗೆ ಸಾಮಾನ್ಯವಾಗಿ ಮೂರು ಸಲವಾದರೂ ಬ್ಯಾಟಿಂಗ್ ಸರದಿ ಬರುತ್ತದೆ. ಋತುವಿಗೆ 20 ಪಂದ್ಯ ಎಂದಿಟ್ಟುಕೊಂಡರೆ 60 ಸರದಿ. ಜೆವಿ ಪಂದ್ಯಗಳಿಗೆ ಎಷ್ಟೋ ಕಡೆ ಸಮಯದ ಮಿತಿ ಇರುತ್ತದೆ, ಹಾಗಾಗಿ 40 ಎಂದೇ ಹಿಡಿಯೋಣ. ವಾರ್ಸಿಟಿ ಬೆಂಚಿನಲ್ಲಿ ಕೂತವಳಿಗೆ ತಂಡ ಭಾರೀ ಅಂತರದಲ್ಲಿ ಗೆಲ್ಲುವಾಗಲೋ ಸೋಲುವಾಗಲೋ ಒಂದೊಂದು ಅವಕಾಶ. ಇಡೀ ಋತುವಿನಲ್ಲಿ ಹತ್ತು ಸಿಕ್ಕರೆ ಪುಣ್ಯ. ಫೀಲ್ಡಿಂಗ್‌ದೂ ಇದೇ ಕಥೆ. ಬೇಸ್‌ನಿಂದ ಬೇಸ್‌ಗೆ 60 ಅಡಿಯಷ್ಟೇ ಇರುವ ಈ ಆಟದಲ್ಲಿ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಚೆಂಡನ್ನು ಒಮ್ಮೆ ತಡವರಿಸಿದರೂ ಓಡುವವಳು ಮೊದಲ ಬೇಸ್ ಮುಟ್ಟಿರುತ್ತಾಳೆ. ಆ ಒತ್ತಡದಲ್ಲಿ ಎಸೆಯುವ ಅಭ್ಯಾಸ ಬೆಂಚಿನಲ್ಲಿ ಕೂತರೆ ಬರುವುದಿಲ್ಲ.

ಹಾಗೆಂದು ವಾರ್ಸಿಟಿಯ ಪರವಾಗಿ ವಾದವೇ ಇಲ್ಲ ಎನ್ನಲಾಗದು. ಎರಡು ಹಂತಗಳ ನಡುವಿನ ದೊಡ್ಡ ವ್ಯತ್ಯಾಸ ಪಿಚಿಂಗ್. ಕ್ರಿಕೆಟ್ ಪಿಚ್‌ನ ಉದ್ದ 66 ಅಡಿ. ಇಲ್ಲಿ ಪಿಚರ್ ನಿಲ್ಲುವುದು ಹೋಮ್ ಪ್ಲೇಟಿನಿಂದ 43 ಅಡಿ ದೂರದಲ್ಲಿ. 2010-11ಕ್ಕೆ ಮುಂಚೆ ಅದು 40 ಅಡಿಯೇ ಇತ್ತು. ಪಿಚರ್ ಹೆಜ್ಜೆ ಮುಂದಿಟ್ಟು ಕೈಯನ್ನು ಪೂರ್ತಿ ಸುತ್ತು ತಿರುಗಿಸಿ ಚೆಂಡು ಬಿಡುವಷ್ಟರಲ್ಲಿ ಇನ್ನೂ ಕೆಲವು ಅಡಿ ಹತ್ತಿರ ಬಂದಿರುತ್ತಾಳೆ. ಗಂಟೆಗೆ 60 ಮೈಲಿ ವೇಗದ ಚೆಂಡು ಬ್ಯಾಟ್ ತಲುಪಲು ಅರ್ಧ ಸೆಕೆಂಡೂ ಬೇಡ. ಅದೇ ಕೈಬೀಸಿನಲ್ಲಿ ನಿಧಾನದ ಚೇಂಜಪ್ ಬಂದರೆ ಬ್ಯಾಟ್ ಮೊದಲೇ ಬೀಸಿ ಆಗಿರುತ್ತದೆ. ಇಂಥ ಪಿಚರ್‌ನ ಎದುರು ದಿನವೂ ಪ್ರಾಕ್ಟೀಸಿನಲ್ಲಿ ನಿಂತವಳ ಕಣ್ಣು ಬೇಗ ಪಳಗುತ್ತದೆ. ಆದ್ದರಿಂದ ಕೋಚ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಬೆಂಚಿನವರಿಗೂ ಮುಖ್ಯ ಪಿಚರ್ ಎದುರು ಬ್ಯಾಟ್ ಮಾಡಲು ಕೊಡುತ್ತೀರಾ, ಅಥವಾ ಅವರು ಚೆಂಡು ಹೆಕ್ಕಿ ಕೊಡುವುದಕ್ಕಷ್ಟೇನಾ?

ಎರಡನೆಯ ಪ್ರಶ್ನೆ, ತಂಡದಲ್ಲಿ ನನ್ನ ಕೆಲಸ ಏನು? ಪಿಚರ್ ಅಥವಾ ಕ್ಯಾಚರ್ ಬೇಸ್ ತಲುಪಿದಾಗ ಅವರ ಬದಲು ಓಡಲು ಕರ್ಟಸಿ ರನ್ನರ್ ಒಬ್ಬಳನ್ನು ಇಳಿಸಬಹುದು. ಅವಳು ಆ ಪಂದ್ಯದಲ್ಲಿ ಅಲ್ಲಿಯವರೆಗೆ ಬೇರೆ ಯಾವ ಪಾತ್ರದಲ್ಲೂ ಆಡಿರಬಾರದು. ಕಾಲು ಚುರುಕಿರುವ ಒಂಬತ್ತನೇ ತರಗತಿಯ ಹುಡುಗಿಯನ್ನು ವಾರ್ಸಿಟಿಗೆ ತೆಗೆದುಕೊಳ್ಳುವುದು ಎಷ್ಟೋ ಸಲ ಇದಕ್ಕೇ. ವರ್ಷವಿಡೀ ಓಡುತ್ತಾಳೆ, ಬ್ಯಾಟ್ ಮುಟ್ಟುವುದಿಲ್ಲ. ಇದಕ್ಕೆ ತದ್ವಿರುದ್ಧ ಡಿಪಿ, ಅಂದರೆ ಡೆಸಿಗ್ನೇಟೆಡ್ ಪ್ಲೇಯರ್. ಗ್ಲೋವ್ ಇನ್ನೂ ಪಳಗದಿದ್ದರೂ ಚೆನ್ನಾಗಿ ಹೊಡೆಯಬಲ್ಲವಳಿಗೆ ಬ್ಯಾಟಿಂಗ್ ಕ್ರಮದಲ್ಲೇ ಜಾಗ. ಈ ಕೆಲಸ ಕೊಟ್ಟರೆ ಎರಡನೇ ಯೋಚನೆ ಬೇಡ, ವಾರ್ಸಿಟಿಗೇ ಹೋಗಲಿ.

ಪಿಚರ್‌ಗಳ ಲೆಕ್ಕ ಬೇರೆ. ತಂಡಕ್ಕೆ ಒಬ್ಬಳು ಬಲವಾದ ಪಿಚರ್ ಇದ್ದರೆ ಹೆಚ್ಚಿನ ಇನ್ನಿಂಗ್ಸ್ ಅವಳದೇ. ಅವಳು ಹನ್ನೆರಡನೇ ತರಗತಿಯವಳಾದರೆ ಮುಂದಿನ ವರ್ಷ ಜಾಗ ಖಾಲಿ. ಹತ್ತನೆಯವಳಾದರೆ ನಿಮ್ಮ ಮಗಳ ಸರದಿ ದೂರ. ಯಾವುದೇ ಸ್ಥಾನಕ್ಕೂ ಮುಂದಿರುವವಳು ಯಾವ ತರಗತಿ ಎಂದು ನೋಡಿಕೊಳ್ಳುವುದು ಜಾಣತನ. ಹನ್ನೊಂದು, ಹನ್ನೆರಡಕ್ಕೆ ಬಂದವರಿಗೆ ಇಷ್ಟೆಲ್ಲ ಆಯ್ಕೆ ಉಳಿದಿರುವುದಿಲ್ಲ. ಹನ್ನೆರಡನೆಯವರನ್ನು ಜೆವಿಯಲ್ಲಿ ಇಟ್ಟುಕೊಳ್ಳದ ಶಾಲೆಗಳೇ ಹೆಚ್ಚು.

ಜೆವಿ ಆಡಿದರೆ ಕಾಲೇಜು ತಂಡದ ದಾರಿ ಮುಚ್ಚಿತು ಎಂಬ ಭಯ ಅಪ್ಪ-ಅಮ್ಮಂದಿರದು. ಆದರೆ ಕಾಲೇಜು ಕೋಚ್‌ಗಳು ಹೆಚ್ಚಾಗಿ ಹುಡುಕುವುದು ಬೇಸಿಗೆಯ ಟ್ರಾವೆಲ್ ಬಾಲ್, ಅಂದರೆ ಶಾಲೆಯ ಹೊರಗಿನ ಕ್ಲಬ್ ತಂಡಗಳ ಟೂರ್ನಿಗಳಲ್ಲಿ. ಅದೂ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ರ ಸಾಫ್ಟ್‌ಬಾಲ್ ಕೋಚ್‌ಗಳು ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಹುಡುಗಿಯೊಂದಿಗೆ ತಂಡಕ್ಕೆ ಸೇರಿಸಿಕೊಳ್ಳುವ ಮಾತೇ ಆಡುವಂತಿಲ್ಲ. ಒಂಬತ್ತನೆಯಲ್ಲಿ ಯಾವ ತಂಡದ ಜೆರ್ಸಿ ತೊಟ್ಟಿದ್ದಳು ಎಂದು ಆಮೇಲೆ ಕೇಳುವವರು ಕಡಿಮೆ.

ನಡುವಿನ ದಾರಿಯೂ ಉಂಟು. ಎರಡೂ ತಂಡಗಳಿಗೆ ಆಡುವವಳನ್ನು ಸ್ವಿಂಗ್ ಪ್ಲೇಯರ್ ಎನ್ನುತ್ತಾರೆ. ಜೆವಿ ಋತು ಮುಗಿದ ಮೇಲೆ ಪ್ಲೇಆಫ್‌ಗೆಂದು ಕೆಲವರನ್ನು ಮೇಲಕ್ಕೆ ಕರೆಸಿಕೊಳ್ಳುವ ರೂಢಿಯೂ ಹಲವು ಶಾಲೆಗಳಲ್ಲಿದೆ. ಒಂದೇ ದಿನ ಎರಡೂ ಕಡೆ ಆಡಬಹುದೇ, ಎಷ್ಟು ಆಡಬಹುದು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಯಾ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ, ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸಿಐಎಫ್, ಟೆಕ್ಸಾಸ್‌ನಲ್ಲಿ ಯುಐಎಲ್, ನ್ಯೂಜೆರ್ಸಿಯಲ್ಲಿ ಎನ್‌ಜೆಎಸ್‌ಐಎಎ ಹೇಳಿದ್ದೇ ಕಟ್ಟಳೆ. ಮೊದಲ ಪಂದ್ಯಕ್ಕೆ ಮುಂಚೆ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್ ಹತ್ತಿರ ಇದನ್ನು ಖಚಿತ ಮಾಡಿಕೊಳ್ಳಿ.

ಈ ಪ್ರಶ್ನೆಗಳನ್ನೆಲ್ಲ ಕೋಚ್ ಮುಂದೆ ಇಡಬೇಕಾದವಳು ಮಗಳು, ನೀವಲ್ಲ. ‘ಮುಂದಿನ ವರ್ಷ ವಾರ್ಸಿಟಿಯಲ್ಲಿ ಆಡಬೇಕಾದರೆ ನಾನು ಏನು ಸುಧಾರಿಸಬೇಕು?’ ಎಂದು ಅವಳು ಕೇಳಿದರೆ ಕೋಚ್ ಹತ್ತು ನಿಮಿಷ ನಿಂತು ಹೇಳುತ್ತಾರೆ. ‘ನನ್ನ ಮಗಳನ್ನು ಯಾಕೆ ಆಡಿಸಲಿಲ್ಲ?’ ಎಂದು ಅಪ್ಪ ಹೋದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪಂದ್ಯ ಮುಗಿದು 24 ಗಂಟೆ ಕಳೆಯುವವರೆಗೆ ಪೋಷಕರು ದೂರು ಹಿಡಿದು ಬರಬಾರದು ಎಂದು ಎಷ್ಟೋ ತಂಡಗಳು ನಿಯಮವನ್ನೇ ಮಾಡಿಟ್ಟಿವೆ.