ಪತ್ತಿನ ಸಂಘದ ತರುಣ ಕಾರ್ಯದರ್ಶಿ

ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ೧೯೦೪ರ ಸಹಕಾರ ಕಾಯಿದೆಯಂತೆ ಗ್ರಾಮಸಂಘದ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಒಬ್ಬನು ಸಾಲ ತೀರಿಸದೆ ಹೋದರೆ ಅದರ ಭಾರವು ಉಳಿದವರ ಹೊಲಮನೆಗಳವರೆಗೂ ಮುಟ್ಟಬಹುದಾಗಿತ್ತು. ಆದುದರಿಂದ ಯಾರಿಗೆ ಎಷ್ಟು ಸಾಲ ಸಲ್ಲುವುದೆಂಬ ವಿವೇಕವೇ ಸಂಘದ ನಿಜವಾದ ಮೂಲಧನವಾಗಿದ್ದಿತು.

ಈ ವಿವೇಕವು ಇಂದಿಗೂ ಲೆಕ್ಕದ ಪುಸ್ತಕದಿಂದ ಬರತಕ್ಕದ್ದಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣ ಕಾರ್ಯದರ್ಶಿಯು ಜಮಾಖರ್ಚನ್ನು ತಪ್ಪಿಲ್ಲದೆ ಬರೆಯಬಲ್ಲನು. ಸಾಲ ಬೇಡಿದವನು ಎತ್ತು ಕೊಳ್ಳುವನೋ ಮದುವೆಗೆ ವೆಚ್ಚಮಾಡುವನೋ ಎಂಬುದನ್ನು ಅರಿಯನು. ಅದನ್ನರಿತ ಹಿರಿಯ ಗೌಡರು ಅವನನ್ನು ಹೊಲಕ್ಕೆ ಕರೆದೊಯ್ದು, ಬೆಳೆಯನ್ನು ತೋರಿಸಿ, ಅವನ ಅಭಿಪ್ರಾಯವನ್ನು ಮೊದಲು ಕೇಳಿ, ತಮ್ಮದನ್ನು ಆಮೇಲೆ ಹೇಳುವುದು ಯುಕ್ತವು. ಅನೇಕ ಕಡೆ ನಡೆಯುವುದು ಇದಕ್ಕೆ ವಿಪರೀತ: ಅಧ್ಯಕ್ಷರು ನಿಶ್ಚಯಿಸುವರು, ತರುಣನು ಬರೆಯುವನು. ಹೀಗೆ ಇಪ್ಪತ್ತು ವರ್ಷ ಬರೆದವನು ಗುಮಾಸ್ತನಾಗಿಯೇ ಉಳಿಯುವನು. ಅಕ್ಷರ ಮಾತ್ರ ದುಂಡಾಗಬಹುದು.

ಇದಕ್ಕಿಂತ ಕಠಿಣವಾದ ಪಾಠ ಮತ್ತೊಂದುಂಟು. ಅಧ್ಯಕ್ಷರ ನೆಂಟನೇ ಸಾಲ ಬೇಡಿ ಬಂದಾಗ ತರುಣನು ‘ಕೊಡಲಾಗದು’ ಎಂದರೆ, ಆ ಮಾತನ್ನು ಸಭೆಯ ನಡವಳಿಯ ಪುಸ್ತಕದಲ್ಲಿ ಯಥಾವತ್ತಾಗಿ ದಾಖಲು ಮಾಡಿಸತಕ್ಕದ್ದು. ಅದರಿಂದ ಅವನ ಕೆಲಸಕ್ಕೆ ಚ್ಯುತಿ ಬಾರದಂತೆ ಅಧ್ಯಕ್ಷರೇ ನೋಡಿಕೊಳ್ಳತಕ್ಕದ್ದು.